ಮೋಟಾರ್ ಸೈಕಲ್ಲಿಗೆ ಚಾರ್ಜಿಂಗ್ ಸಾಕೆಟ್: ಫ್ಯೂಸ್ ಮರೆಯಬೇಡಿ



ಹೊಲದ ದಾರಿಯಲ್ಲಿ ಮೊಬೈಲ್ ಚಾರ್ಜ್ ಮಾಡಲೆಂದು ಅನೇಕರು ಮೋಟಾರ್ ಸೈಕಲ್ಲಿಗೆ ಸಾಕೆಟ್ ಹಾಕಿಸುತ್ತಾರೆ. ಇದು ಉಪಯುಕ್ತವೇ. ಆದರೆ ಬ್ಯಾಟರಿಯಿಂದ ಬರಿದೇ ತಂತಿ ಎಳೆದರೆ ಅಪಾಯವುಂಟು. ವಾಹನದ ಚಾಸಿಯು ಬ್ಯಾಟರಿಯ ಋಣ (-) ತುದಿಗೆ ಸೇರಿರುತ್ತದೆ. ಅಲುಗಾಟದಿಂದ ಧನ (+) ತಂತಿಯ ಹೊದಿಕೆ ಸವೆದು ಚಾಸಿಗೆ ತಗುಲಿದರೆ ತಂತಿ ಕಾದು ಬೆಂಕಿ ಹತ್ತಬಹುದು. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ.

ಆದ್ದರಿಂದ ಧನ ತಂತಿಯಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ, 5 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ಯೂಸನ್ನು ಸಾಕೆಟ್ಟಿನ ಬಳಿ ಹಾಕಿದರೆ ನಡುವಿನ ತಂತಿಗೆ ರಕ್ಷಣೆಯಿಲ್ಲ. 1 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ ತಂತಿ ಬಳಸಿ. ಹ್ಯಾಂಡಲ್ ತಿರುಗುವಲ್ಲಿ ತುಸು ಸಡಿಲ ಬಿಡಿ. ಕೀಲಿ ತೆಗೆದೊಡನೆ ವಿದ್ಯುತ್ ನಿಲ್ಲುವಂತೆ ರಿಲೇ ಅಳವಡಿಸುವುದು ಲೇಸು. ಇಲ್ಲವಾದರೆ ಬ್ಯಾಟರಿ ಬರಿದಾದೀತು.

ಕೆಲಸ ಮಾಡುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ.

10 ವ್ಯಾಟಿನ ಮೊಬೈಲ್ ಚಾರ್ಜರಿಗೆ 12 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಸಾಕು. ಸಿಂಪರಣಾ ಯಂತ್ರದ ಬ್ಯಾಟರಿಯನ್ನು ಇದರಿಂದ ಚಾರ್ಜ್ ಮಾಡಲು ಹೋಗಬೇಡಿ. ಅದಕ್ಕೆ ಮನೆಯ ಚಾರ್ಜರೇ ಸರಿ.

ಫ್ಯೂಸ್ ಸುಟ್ಟರೆ, ಪಂಪ್‌ಸೆಟ್ಟಿಗೆ ಕೆಲವರು ಮಾಡುವಂತೆ ದಪ್ಪ ತಂತಿ ಸುತ್ತಬೇಡಿ. ಎಲ್ಲೋ ದೋಷವಿರುವುದರಿಂದಲೇ ಫ್ಯೂಸ್ ಸುಟ್ಟಿದೆ. ಮೊದಲು ಆ ದೋಷವನ್ನು ಹುಡುಕಿ ಸರಿಪಡಿಸಿ, ಆಮೇಲೆ ಅದೇ ಅಳತೆಯ ಹೊಸ ಫ್ಯೂಸ್ ಹಾಕಿ.