ಬಚ್ಚಿಟ್ಟ ಹಾಡು ಸಾಯುತ್ತದೆ

(ಯುವಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮ ಕಾಲೇಜಿನಲ್ಲಿ, ನಿಮ್ಮ ಬೀದಿಯಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಯಾರೂ ಕೇಳದ ಹಾಡು ಅವನಿಗೆ ಗೊತ್ತು. ಯಾರೂ ಹೆಸರೆತ್ತದ ಬ್ಯಾಂಡು ಅವನಿಗೆ ಗೊತ್ತು. ಅದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡೇ ಓಡಾಡುತ್ತಾನೆ. ನಾಲ್ಕು ಜನಕ್ಕೆ ಗೊತ್ತಾಯಿತೋ, ಆ ಹಾಡಿನ ಮೇಲಿನ ಆಸೆಯೇ ಅವನಿಗೆ ಹೊರಟುಹೋಗುತ್ತದೆ! ಇದು ಸಂಗೀತದ ಮೇಲಿನ ಪ್ರೀತಿಯೋ, ಬರೀ ದೊಡ್ಡಸ್ತಿಕೆಯೋ?

ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗೂ ಗೊತ್ತಿಲ್ಲದ ಕಲೆಯೊಂದು ನಿಮ್ಮ ಕಣ್ಣಿಗೋ ಕಿವಿಗೋ ಬಿತ್ತೆಂದರೆ ನಿಮ್ಮ ತಲೆಯ ಮೇಲೆ ಒಂದು ಸಾಲ ಬಿತ್ತು ಎಂದು ತಿಳಿಯಿರಿ. ಇನ್ನೊಬ್ಬರಿಗೆ ದಾಟಿಸುವವರೆಗೆ ಆ ಸಾಲ ತೀರುವುದಿಲ್ಲ.

ಪುರಾವೆ ಬೇಕೆ? ಸ್ಟಾಲಿನ್ ಕಾಲದ ರಷ್ಯಾಕ್ಕೆ, ಲೆನಿನ್‌ಗ್ರಾಡ್ ಪಟ್ಟಣಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಆಗತಾನೇ ಮುಗಿದಿತ್ತು. ಯಾವ ಹಾಡು ಕೇಳಬೇಕು, ಯಾವುದು ಕೇಳಬಾರದು ಎಂದು ಸರ್ಕಾರವೇ ತೀರ್ಮಾನ ಮಾಡುತ್ತಿತ್ತು. ಅಮೆರಿಕದ ಜಾಝ್ ಕೂಡದು. ರುಮೇನಿಯಾದಲ್ಲಿ ಹಾಡುತ್ತಿದ್ದ ಪ್ಯೋತರ್ ಲೆಶ್ಚೆಂಕೊ ಹಾಡುಗಳೂ ಕೂಡದು. ಅವನು ಹಾಡುತ್ತಿದ್ದದ್ದು ರಷ್ಯನ್ ಭಾಷೆಯಲ್ಲೇ! ತಮ್ಮದೇ ನುಡಿಯ ಹಾಡನ್ನು ಆ ಜನ ಕದ್ದು ಕೇಳಬೇಕಾಗಿತ್ತು.

ಆಗ ಅಲ್ಲಿನ ಹುಡುಗರು ಏನು ಮಾಡಿದರು ಗೊತ್ತೇ? ಆಸ್ಪತ್ರೆಗಳಿಂದ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ತಂದರು. ಬೇಗ ಬೆಂಕಿ ಹತ್ತುವ ಆ ಫಿಲ್ಮುಗಳು ತೊಲಗಿದರೆ ಸಾಕು ಎಂದು ಆಸ್ಪತ್ರೆಯವರೂ ಕಾಯುತ್ತಿದ್ದರು. ಫಿಲ್ಮನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ಸಿಗರೇಟಿನ ಕೆಂಡದಿಂದ ನಡುವೆ ತೂತು ಸುಟ್ಟು, ಅದರ ಮೇಲೆ ಹಾಡಿನ ಗೆರೆ ಕೊರೆದರು. ರುಸ್ಲಾನ್ ಬೊಗೊಸ್ಲೋವ್‌ಸ್ಕಿ ಎಂಬ ಹುಡುಗ ಜರ್ಮನಿಯಿಂದ ಬಂದಿದ್ದ ಒಂದು ಮುದ್ರಣ ಯಂತ್ರವನ್ನು ನೋಡಿ, ಅದರಂತೆಯೇ ತನ್ನದೊಂದನ್ನು ಮಾಡಿಕೊಂಡ. ಬೋರಿಸ್ ತಾಯ್ಗಿನ್ ಎಂಬ ಗೆಳೆಯ ಜೊತೆಯಾದ. ತಮ್ಮ ಗುಟ್ಟಿನ ಕಂಪನಿಗೆ ‘ಬಂಗಾರದ ನಾಯಿ’ ಎಂದು ಹೆಸರಿಟ್ಟರು.

ಕಾರ್ಖಾನೆಯಲ್ಲಿ ಅಚ್ಚು ಹಾಕಿ ಸಾವಿರಗಟ್ಟಲೆ ತೆಗೆದ ಪ್ಲೇಟುಗಳಲ್ಲ ಅವು. ಅಲ್ಲಿ ಮೂಲ ಪ್ಲೇಟು ತಿರುಗುತ್ತಿರಬೇಕು, ಇಲ್ಲಿ ಸೂಜಿ ಕೊರೆಯುತ್ತಿರಬೇಕು. ಮೂರು ನಿಮಿಷದ ಹಾಡಿನ ಒಂದು ಪ್ರತಿಗೆ ಮೂರು ನಿಮಿಷ. ನೂರು ಪ್ರತಿ ಬೇಕೆಂದರೆ ನೂರು ಸಲ ಯಂತ್ರದ ಮುಂದೆ ಕೂರಬೇಕು. ಅಷ್ಟು ಕಷ್ಟಪಟ್ಟರೂ ಹಾಡು ಒಂದೇ ಮಗ್ಗುಲಿಗೆ. ಕೆಲವೇ ಸಲ ಕೇಳುವಷ್ಟರಲ್ಲಿ ಗೆರೆ ಸವೆದು ಬರೀ ಗೊರಗೊರ ಸದ್ದು! ದೀಪಕ್ಕೆ ಹಿಡಿದರೆ ಯಾರದೋ ಪಕ್ಕೆಲುಬು, ಯಾರದೋ ತಲೆಬುರುಡೆ. ಜನ ಅದನ್ನು ‘ಎಲುಬಿನ ಸಂಗೀತ’ ಎಂದು ಕರೆದರು. ಅಂಗಿಯ ತೋಳಿನೊಳಗೆ ಸುತ್ತಿಟ್ಟುಕೊಂಡು ಬೀದಿ ಮೂಲೆಗಳಲ್ಲಿ ಕೈಯಿಂದ ಕೈಗೆ ದಾಟಿಸಿದರು.

1950ರಲ್ಲಿ ಪೊಲೀಸರು ಬಂದರು. ಇಬ್ಬರೂ ಜೈಲು ಸೇರಿದರು. 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ಬಿಡುಗಡೆಯಾಯಿತು. ಹೊರಗೆ ಬಂದ ಬೊಗೊಸ್ಲೋವ್‌ಸ್ಕಿ ಏನು ಮಾಡಿದ? ಮತ್ತೆ ಅದೇ ಯಂತ್ರ, ಅದೇ ಎಲುಬು, ಮತ್ತೆ ಜೈಲು! ಬೊಗೊಸ್ಲೋವ್‌ಸ್ಕಿ ದೊಡ್ಡ ಗಾಯಕನೇನಲ್ಲ. ಕೇಳಿದ್ದನ್ನು ಹಂಚಿದವನು, ಅಷ್ಟೇ. ಲೆಶ್ಚೆಂಕೊ 1954ರಲ್ಲಿ ರುಮೇನಿಯಾದ ಜೈಲಿನಲ್ಲೇ ಸತ್ತ. ಅವನ ದನಿ ಮಾತ್ರ ಈ ಹುಡುಗರ ದೆಸೆಯಿಂದ ರಷ್ಯಾದಲ್ಲಿ ಉಳಿಯಿತು.

ಮುಂದೆ ಟೇಪ್ ರೆಕಾರ್ಡರ್ ಬಂತು, ಎಲುಬಿನ ಪ್ಲೇಟು ಮೂಲೆ ಸೇರಿತು. ಹಂಚುವ ಚಟ ಮಾತ್ರ ನಿಲ್ಲಲಿಲ್ಲ. ವ್ಲದೀಮಿರ್ ವಿಸೋತ್‌ಸ್ಕಿ ಎಂಬ ನಟ ಗಿಟಾರ್ ಹಿಡಿದು ನೂರಾರು ಹಾಡು ಕಟ್ಟಿ ಹಾಡಿದ. ಅವನು ಬದುಕಿದ್ದಾಗ ಸರ್ಕಾರಿ ಕಂಪನಿ ಅವನ ನಾಲ್ಕಾರು ಸಣ್ಣ ಪ್ಲೇಟು ತಂದದ್ದೇ ಹೆಚ್ಚು. ಹಾಗಿದ್ದರೂ ಅವನ ದನಿ ಮನೆಮನೆಯಲ್ಲಿತ್ತು! ಒಬ್ಬನ ಟೇಪಿನಿಂದ ಇನ್ನೊಬ್ಬನ ಟೇಪಿಗೆ, ಅಲ್ಲಿಂದ ಮತ್ತೊಬ್ಬನ ಟೇಪಿಗೆ ಇಳಿಯುತ್ತ ಇಡೀ ದೇಶ ಸುತ್ತಿತು. 1980ರ ಜುಲೈ 25ರಂದು, ಮಾಸ್ಕೋದಲ್ಲಿ ಒಲಿಂಪಿಕ್ಸ್ ನಡೆಯುತ್ತಿದ್ದಾಗ, 42ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಪತ್ರಿಕೆಗಳು ದೊಡ್ಡ ಸುದ್ದಿಯನ್ನೇನೂ ಮಾಡಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಅವನು ನಟಿಸುತ್ತಿದ್ದ ತಗಾಂಕಾ ರಂಗಮಂದಿರದ ಮುಂದೆ ಸಾವಿರಾರು ಜನ ಸೇರಿದರು. ಹಂಚಿಕೊಂಡ ಜನರ ಬಲ ಅಂದರೆ ಇದು.

ಹಾಡಿನ ಮಾತಾಯಿತು. ಚಿತ್ರ, ಶಿಲ್ಪದ ಕಡೆ ಬರೋಣ. ಫ್ರಾನ್ಸಿನ ಚಿತ್ರಕಾರ ಜ್ಯಾನ್ ದ್ಯುಬುಫೆ 1945ರಲ್ಲಿ ಒಂದು ವಿಚಿತ್ರ ಕೆಲಸಕ್ಕೆ ಕೈಹಾಕಿದ. ಕಲಾಶಾಲೆಯ ಮೆಟ್ಟಿಲು ಹತ್ತದವರು, ಹುಚ್ಚಾಸ್ಪತ್ರೆಯಲ್ಲಿದ್ದವರು, ಒಂಟಿಯಾಗಿ ಬದುಕಿದವರು ತಮ್ಮ ಪಾಡಿಗೆ ಮಾಡಿದ ಚಿತ್ರಗಳನ್ನು ಹುಡುಕಿ ಕೂಡಿಹಾಕಿದ. ಅದನ್ನು ‘ಕಚ್ಚಾ ಕಲೆ’ ಎಂದು ಕರೆದ. ಇಂಗ್ಲಿಷಿನವರು 1972ರಿಂದ ಅದಕ್ಕೆ ‘ಔಟ್‌ಸೈಡರ್ ಆರ್ಟ್’ ಎನ್ನತೊಡಗಿದರು. ಅವನು ಕೂಡಿಟ್ಟದ್ದು 1976ರಲ್ಲಿ ಸ್ವಿಟ್ಜರ್‌ಲೆಂಡಿನ ಲೋಸಾನ್ ಪಟ್ಟಣದಲ್ಲಿ ಮ್ಯೂಸಿಯಂ ಆಗಿ ತೆರೆಯಿತು.

ಅದೇ 1976ರಲ್ಲಿ ನಮ್ಮ ದೇಶದಲ್ಲೂ ಒಂದು ಬಾಗಿಲು ತೆರೆಯಿತು. ಚಂಡೀಗಡದ ರಾಕ್ ಗಾರ್ಡನ್! ಅದನ್ನು ಕಟ್ಟಿದವನು ನೇಕ್ ಚಂದ್. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದವನು, ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರು. ಹೊಸ ಚಂಡೀಗಡಕ್ಕಾಗಿ ಹಳೆಯ ಹಳ್ಳಿಗಳನ್ನು ಕೆಡವಿದ್ದರಲ್ಲ, ಆ ಅವಶೇಷಗಳಲ್ಲಿ ಒಡೆದ ಬಳೆ, ಪಿಂಗಾಣಿ ಚೂರು, ಹೆಂಚು, ಸೈಕಲ್ ಭಾಗ ಆರಿಸಿ ಸೈಕಲ್ ಮೇಲೆ ಹೇರಿಕೊಂಡು ಬರುತ್ತಿದ್ದ. 1950ರ ದಶಕದ ಕೊನೆಯಿಂದ, ಕಟ್ಟಡ ಕಟ್ಟಬಾರದೆಂದು ಮೀಸಲಿಟ್ಟ ಕಾಡಿನಲ್ಲಿ, ಹಳೆಯ ಟೈರು ಸುಟ್ಟು ಅದರ ಬೆಳಕಿನಲ್ಲಿ, ರಾತ್ರಿ ಹೊತ್ತು ಕದ್ದು ಗೊಂಬೆಗಳ ರಾಜ್ಯವನ್ನೇ ಕಟ್ಟಿದ.

ಗೆಳೆಯರೇ, ಇಲ್ಲೊಂದು ಸೂಕ್ಷ್ಮವಿದೆ. ನಗರದ ಮುಖ್ಯ ವಾಸ್ತುಶಿಲ್ಪಿ ಎಂ.ಎನ್. ಶರ್ಮ ಅದನ್ನು ಮೊದಲೇ ನೋಡಿದ್ದರು. ಬಾಯಿ ಬಿಟ್ಟಿದ್ದರೆ ಕಾನೂನಿನ ಪ್ರಕಾರ ಕೆಡವಲೇಬೇಕಿತ್ತು. ಗುಟ್ಟಾಗಿಯೇ ಮುಂದುವರಿಸು ಎಂದು ಅವನಿಗೆ ಹೇಳಿ ಸುಮ್ಮನಾದರು. ಗುಟ್ಟು ಇಡುವುದರಲ್ಲೂ ಎರಡು ಬಗೆ ಉಂಟು. ಕಲಾವಿದನನ್ನು ಕಾಪಾಡಲು ಇಡುವ ಗುಟ್ಟು ಒಂದು. ನನಗೊಬ್ಬನಿಗೇ ಗೊತ್ತು ಎಂದು ಬೀಗಲು ಇಡುವ ಗುಟ್ಟು ಇನ್ನೊಂದು. ನಿಮ್ಮದು ಯಾವುದು, ನೀವೇ ಕೇಳಿಕೊಳ್ಳಿ.

ತೋಟ ಬೆಳಕಿಗೆ ಬಂತು. ಸರ್ಕಾರ ಅವನಿಗೆ ಸಂಬಳ ಕೊಟ್ಟಿತು, 50 ಆಳು ಕೊಟ್ಟಿತು, 1984ರಲ್ಲಿ ಪದ್ಮಶ್ರೀ ಕೊಟ್ಟಿತು. ಇಷ್ಟಾದರೂ 1990ರ ಹೊತ್ತಿಗೆ ರಸ್ತೆ ಮಾಡುತ್ತೇವೆಂದು ಬುಲ್ಡೋಜರು ಬಂತು! ಅದನ್ನು ತಡೆದದ್ದು ಪದ್ಮಶ್ರೀ ಪದಕವಲ್ಲ. ಕೈಕೈ ಹಿಡಿದು ಅಡ್ಡ ನಿಂತ ಊರಿನ ಜನ. ಆ ತೋಟವನ್ನು ಜನರಿಗೆ ತೋರಿಸಿರದಿದ್ದರೆ ಅಡ್ಡ ನಿಲ್ಲಲು ಯಾರು ಬರುತ್ತಿದ್ದರು? 2015ರಲ್ಲಿ ನೇಕ್ ಚಂದ್ ತೀರಿಕೊಂಡ. ತೋಟ ಇದೆ.

ಇಷ್ಟು ದೂರ ಸುತ್ತಿಸಿದ್ದು ಯಾಕೆ? ನಮ್ಮ ಮನೆ ಅಂಗಳಕ್ಕೆ ಬರಲು. ಮಂಟೇಸ್ವಾಮಿ, ಮಾದೇಶ್ವರ ಕಾವ್ಯಗಳನ್ನು ರಾತ್ರಿಯಿಡೀ ಬಾಯಲ್ಲೇ ಹಾಡುವ ಕಲಾವಿದರನ್ನು ನಮ್ಮ ಪಟ್ಟಣ ಎಷ್ಟು ಕಾಲ ಕಂಡೂ ಕಾಣದಂತಿತ್ತು! ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಊರೂರು ಅಲೆದು ಜನಪದ ಹಾಡುಗಾರರ ದನಿ ಹಿಡಿದಿಟ್ಟರು. 1979ರಲ್ಲಿ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಬೆಂಗಳೂರಿನಿಂದ ಒಂದೂವರೆ ಗಂಟೆಯ ದಾರಿ. ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? ಕೈಯೆತ್ತಿ ನೋಡೋಣ.

ಇವತ್ತು ನಿಮ್ಮ ಕೈಯಲ್ಲಿ ಫೋನಿದೆ. ಬೊಗೊಸ್ಲೋವ್‌ಸ್ಕಿ ಜೈಲಿಗೆ ಹೋಗಿ ಮಾಡಿದ ಕೆಲಸ ನಿಮಗೆ ಹೆಬ್ಬೆರಳಿನ ಕೆಲಸ. ಆದರೆ ಫಾರ್ವರ್ಡ್ ಒತ್ತಿದ್ದೆಲ್ಲ ಹಂಚಿದ ಹಾಗಲ್ಲ. ಹಾಡಿದವರ ಹೆಸರು, ಊರು, ಇಸವಿ ಬರೆದು ಕಳಿಸಿ. ಹೆಸರಿಲ್ಲದೆ ಓಡಾಡುವ ಹಾಡು ತಬ್ಬಲಿ. ಕಲಾವಿದರು ಬದುಕಿದ್ದರೆ ಅವರ ಒಪ್ಪಿಗೆ ಕೇಳಿ. ನೂರು ರೂಪಾಯಿ ಟಿಕೆಟ್ಟಿದ್ದರೆ ಕೊಂಡು ಹೋಗಿ, ಪುಕ್ಕಟೆ ಪಾಸಿಗೆ ಕೈಚಾಚಬೇಡಿ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.

ನಿಮ್ಮ ಗಲ್ಲಿಯಲ್ಲೇ ಕನ್ನಡದಲ್ಲಿ ರ‍್ಯಾಪ್ ಕಟ್ಟುವ ಹುಡುಗನಿದ್ದಾನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ, ಕುಂಚದಲ್ಲಿ ಕನ್ನಡ ಅಕ್ಷರವನ್ನು ಕುಣಿಸುತ್ತಿದ್ದ ಬೋರ್ಡು ಬರೆಯುವ ಹಿರಿಯರಿದ್ದಾರೆ. ಅವರ ಕೈಬರಹದ ಕೊನೆಯ ಬೋರ್ಡು ಯಾವುದೋ ಹಳೆಯ ಕಿರಾಣಿ ಅಂಗಡಿಯ ಮೇಲೆ ಮಳೆಗೆ ಮಾಸುತ್ತಿದೆ. ಈ ಭಾನುವಾರವೇ ಹೋಗಿ. ಫೋಟೋ ತೆಗೆಯಿರಿ. ಬರೆದವರು ಯಾರು ಎಂದು ಅಂಗಡಿಯವರನ್ನು ಕೇಳಿ, ಬರೆದಿಟ್ಟುಕೊಳ್ಳಿ, ನಾಲ್ಕು ಜನಕ್ಕೆ ತೋರಿಸಿ. ಬುಲ್ಡೋಜರು ಹೇಳಿ ಕೇಳಿ ಬರುವುದಿಲ್ಲ.

ಸಾಲ ತೀರಿಸಿ.