ಕೋವಿಗೆ ಮುಂಚೆ ಕಲಿಕೆ

ಮನಗೂಳಿಯ ಎರೆಹೊಲಗಳಲ್ಲಿ ಜೋಳ ತೆನೆಗಟ್ಟುವ ಕಾಲಕ್ಕೆ ರೈತನಿಗೆ ನಿದ್ದೆಯಿಲ್ಲ. ಕಾಡುಹಂದಿಯೋ ಚಿಗರಿಯೋ ಹಿಂಡುಗಟ್ಟಿ ನುಗ್ಗಿದರೆ ವರ್ಷದ ದುಡಿಮೆ ಒಂದೇ ಇರುಳಿನಲ್ಲಿ ಮಣ್ಣುಪಾಲಾಗುವುದು. ಆಗ ಅವನಿಗೆ ಕೋವಿಯ ನೆನಪಾಗುವುದು ಸಹಜವೇ.

ಆದರೆ ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಿ ತಿಳಿಯತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯ ಪರವಾನಗಿಗೆ ಮೊದಲು ಎಡೆಯಿದ್ದಿತು. 1991ರ ತಿದ್ದುಪಡಿಯಿಂದ ಅದು ಇಲ್ಲವಾಯಿತು. ವಿನೋದದ ಬೇಟೆ ಇಂದು ಅಪರಾಧವೇ ಸರಿ. ಬೆಳೆಯ ರಕ್ಷಣೆಗೆಂದು ಕೋವಿಯ ಪರವಾನಗಿ ದೊರೆತರೂ ಅದು ಪ್ರಾಣಿವಧೆಯ ಅಪ್ಪಣೆಯಾಗದು. ಆ ಅಪ್ಪಣೆಯೇ ಬೇರೆ, ಅದನ್ನು ಕೊಡುವ ಕಾಯಿದೆಯೂ ಬೇರೆ.

ಇನ್ನು ಕೋವಿಯ ಮಾತು. ಬೇಟೆಗೆ ಹೊರಡುವ ಎಳೆಯರು ಮೊದಲು ಸುರಕ್ಷತೆಯ ಪಾಠ ಕಲಿಯಲೇಬೇಕೆಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನವು 1949ರಲ್ಲಿಯೇ ಕಟ್ಟಳೆ ಮಾಡಿತು. ನಮ್ಮಲ್ಲಿ 2016ರ ಶಸ್ತ್ರ ನಿಯಮಗಳು ಪರವಾನಗಿ ಬೇಡುವವನಿಗೆ ಇಂಥ ಶಿಕ್ಷಣವನ್ನು ವಿಧಿಸಿವೆ. ಕೋವಿಯನ್ನು ಹಿಡಿಯುವ, ಹಾರಿಸುವ, ಸಾಗಿಸುವ ಕ್ರಮವನ್ನೂ ಮಕ್ಕಳ ಕೈಗೆ ಸಿಗದಂತೆ ಇರಿಸುವ ಹೊಣೆಯನ್ನೂ ಅದರಲ್ಲಿ ಕಲಿಸಬೇಕು.

ಇದನ್ನು ಕಚೇರಿಯ ಮತ್ತೊಂದು ಕಾಗದವೆಂದು ಬಗೆಯುವವರುಂಟು. ಅಂಥವರನ್ನು ನಾವು ಕೇಳೋಣ: ಕತ್ತಲಲ್ಲಿ ತೆನೆ ಅಲುಗಿತು, ಅಲುಗಿಸಿದ್ದು ಹಂದಿಯೋ, ಕಾವಲಿಗೆ ಬಂದ ನೆರೆಹೊಲದವನೋ? ಕಲಿತವನು ಪ್ರತಿಯೊಂದು ಕೋವಿಯನ್ನೂ ಗುಂಡು ತುಂಬಿದ್ದೆಂದೇ ಎಣಿಸುವನು. ಅದರ ಬಾಯನ್ನು ಮನುಷ್ಯರತ್ತ ತಿರುಗಿಸನು. ಗುರಿಯೂ ಗುರಿಯ ಹಿಂದಿರುವುದೂ ಸ್ಪಷ್ಟವಾಗಿ ಕಾಣುವವರೆಗೆ ಕುದುರೆಯ ಮೇಲೆ ಬೆರಳಿಡನು.

ಹಾಳಾದ ಹೊಲವನ್ನು ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಹಾರಿಸಿದ ಗುಂಡನ್ನು ಮರಳಿ ಕರೆಯಲು ನಮ್ಮಿಂದಾಗದು. ಆದುದರಿಂದ ಕಲಿಕೆ ಮೊದಲು, ಕೋವಿ ಆಮೇಲೆ.