ಹಳೆಯ ಗ್ರಂಥಗಳೂ ನಮ್ಮ ಹೊಣೆಯೂ

(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನಮ್ಮನ್ನು ಕರೆಯಿಸಿ, ಗ್ರಂಥಸಂಗ್ರಹವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆ ಮಾಡಿರುವರು. ನಮ್ಮದು ವಕೀಲಿಯ ಉದ್ಯೋಗ. ಹಗಲೆಲ್ಲ ಕಾಗದಪತ್ರಗಳಲ್ಲಿ ಮುಳುಗಿರುವವರಿಗೆ ಸಂಜೆಯಾದ ಮೇಲೂ ಕಾಗದದ ಹುಚ್ಚೇ ಏಕೆಂದು ನಮ್ಮ ಮನೆಯವರು ಕೇಳುವದುಂಟು. ಇಪ್ಪತ್ತು ವರ್ಷಗಳಿಂದ ನಾವು ಹಳೆಯ ಪುಸ್ತಕಗಳನ್ನು, ಅವುಗಳಲ್ಲಿಯೂ ವೈದ್ಯಕಕ್ಕೆ ಸಂಬಂಧಿಸಿದವುಗಳನ್ನು, ಕೂಡಿಸುತ್ತ ಬಂದಿರುವೆವು. ನಾವು ವೈದ್ಯರಲ್ಲ, ಶ್ರೀಮಂತರಂತೂ ಅಲ್ಲವೇ ಅಲ್ಲ. ಲಕ್ಷಗಟ್ಟಲೆ ಬೆಲೆ ಬಾಳುವ ಗ್ರಂಥವೊಂದೂ ನಮ್ಮ ಕಪಾಟಿನಲ್ಲಿಲ್ಲ. ಆದುದರಿಂದ ಇಂದು ನಾವು ಹೇಳತಕ್ಕದ್ದು ನಮ್ಮ ಸಂಗ್ರಹದ ವೈಭವವನ್ನಲ್ಲ. ನಮ್ಮ ಕೈಯಿಂದ ಘಟಿಸಿದ ಒಂದು ಅಪರಾಧವನ್ನು, ಅದರಿಂದ ನಾವು ಕಲಿತ ಪಾಠವನ್ನು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಸಂತೆಯ ದಿನ ಒಂದು ರದ್ದಿಯ ಅಂಗಡಿಯ ಮುಂದೆ ಹಾಯುತ್ತಿರುವಾಗ ತಕ್ಕಡಿಯಲ್ಲಿ ಬಿದ್ದಿದ್ದ ಒಂದು ಕಟ್ಟು ನಮ್ಮ ಕಣ್ಣಿಗೆ ಬಿತ್ತು. ಶಾಲೆಯ ಹಳೆಯ ವಹಿಗಳ ನಡುವೆ, ಮೊದಲಿನ ಮತ್ತು ಕೊನೆಯ ಹಾಳೆಗಳಿಲ್ಲದ ಒಂದು ಅಚ್ಚಿನ ವೈದ್ಯಗ್ರಂಥವು ಅದರಲ್ಲಿದ್ದಿತು. ಪುಟಗಳ ಅಂಚಿನ ತುಂಬ ಕರಿಯ ಶಾಯಿಯ ಸಣ್ಣ ಅಕ್ಷರಗಳು. ಅರ್ಧ ಕನ್ನಡ, ಅರ್ಧ ಮೋಡಿ. ಯಾರೋ ಹಳ್ಳಿಯ ವೈದ್ಯರು ಜೀವಮಾನವೆಲ್ಲ ಆ ಪುಸ್ತಕವನ್ನು ಬಳಸಿ, ಯಾವ ಬೇರು ಯಾವ ಬೇನೆಗೆ ನಾಟಿತು, ಯಾವುದು ನಾಟಲಿಲ್ಲವೆಂಬುದನ್ನು ಬರೆದಿಟ್ಟಿದ್ದರು. ರದ್ದಿಯವನು ಕೇಳಿದ ತೂಕದ ಬೆಲೆಯನ್ನು ಕೊಟ್ಟು ನಾವು ಅದನ್ನು ತಂದೆವು. ತಂದವರು ಓದುವ ಮೊದಲೇ ರಟ್ಟು ಕಟ್ಟಿಸಲು ಕೊಟ್ಟೆವು. "ವಕೀಲ ಸಾಹೇಬರ, ಅಂಚು ಭಾಳ ಸವದಾವ, ಒಂದೀಟು ಹೊಡದು ಸಮಾ ಮಾಡ್ಲೇನ್ರೀ?" ಎಂದು ರಟ್ಟು ಕಟ್ಟುವವನು ಕೇಳಿದನು. "ಹೂಂ, ಚಂದ ಆಗಲಿ" ಎಂದೆವು. ಎಂಟು ದಿನಗಳ ಮೇಲೆ ಪುಸ್ತಕವು ಚೆಂದವಾಗಿಯೇ ಬಂದಿತು. ಆದರೆ ಅಂಚುಗಳು ಹೋಗಿದ್ದವು. ಅಂಚಿನೊಡನೆ ಆ ವೈದ್ಯರ ಮಾತುಗಳೂ ಹೋಗಿದ್ದವು. ಅಕ್ಷರಗಳ ಬಾಲಗಳು ಮಾತ್ರ ಅಲ್ಲಲ್ಲಿ ಉಳಿದಿದ್ದವು. ರದ್ದಿಯವನ ತಕ್ಕಡಿಯಿಂದ ಪಾರಾದ ಪುಸ್ತಕವು ನಮ್ಮ ಪ್ರೀತಿಯಿಂದ ಪಾರಾಗಲಿಲ್ಲ.

ನಾವು ಕಳೆದುದು ಎಂಥದೆಂಬುದು ನಮಗೆ ಪೂರ್ತಿಯಾಗಿ ತಿಳಿದುದು ದೂರದ ಒಂದು ಸಂಗತಿಯಿಂದ. ಯುರೋಪಿನ ವೈದ್ಯಕದ ಇತಿಹಾಸದಲ್ಲಿ ವೆಸಾಲಿಯಸನ ಅಂಗರಚನಾ ಗ್ರಂಥಕ್ಕಿಂತ ಹೆಚ್ಚು ಪ್ರಸಿದ್ಧವಾದ ಪುಸ್ತಕವು ದೊರೆಯುವದು ಕಠಿಣ. ಪಡುವಾ ನಗರದ ವಿದ್ಯಾಪೀಠದಲ್ಲಿ ಆಚಾರ್ಯನಾಗಿದ್ದ ಆತನು 28 ವರ್ಷದವನಿರುವಾಗ, 1543ರಲ್ಲಿ, ಬಾಸೆಲ್ ನಗರದಲ್ಲಿ ಅದನ್ನು ಅಚ್ಚುಹಾಕಿಸಿದನು. ಸಾವಿರಕ್ಕೂ ಮಿಕ್ಕಿದ ವರ್ಷಗಳಿಂದ ಗೇಲನನ ಮಾತೇ ವೇದವಾಕ್ಯವಾಗಿದ್ದ ಕಾಲದಲ್ಲಿ, ಗೇಲನನು ಕೊಯ್ದು ನೋಡಿದ್ದು ಪ್ರಾಣಿಗಳನ್ನು, ಮನುಷ್ಯನನ್ನಲ್ಲ ಎಂದು ತನ್ನ ಕಣ್ಣಿನಿಂದ ಕಂಡು, ಚಿತ್ರ ಸಹಿತವಾಗಿ ತೋರಿಸಿದ ಗ್ರಂಥವಿದು. ಅದರ ಎರಡನೆಯ ಆವೃತ್ತಿಯು 1555ರಲ್ಲಿ ಹೊರಟಿತು. ಆ ಆವೃತ್ತಿಯ ಒಂದು ಪ್ರತಿಯನ್ನು ಕೆನಡಾದ ವೈದ್ಯರೊಬ್ಬರು 2007ರಲ್ಲಿ ಕೊಂಡರು. ಅದರ ಅಂಚುಗಳಲ್ಲೆಲ್ಲ ಯಾರದೋ ಗೀಚು, ತಿದ್ದುಪಡಿ. ಮಾಲಿಕನು ಆ ಗೀಚನ್ನು ಅಳಿಸಲಿಲ್ಲ, ಕತ್ತರಿಸಲಿಲ್ಲ, ವಿದ್ವಾಂಸರಿಗೆ ತೋರಿಸಿದನು. ವೈದ್ಯಕದ ಇತಿಹಾಸಕಾರನಾದ ವಿವಿಯನ್ ನಟನ್ 2012ರಲ್ಲಿ ಅದು ಸ್ವತಃ ವೆಸಾಲಿಯಸನ ಕೈಬರಹವೆಂದು ನಿರ್ಣಯಿಸಿದನು! ಮೂರನೆಯ ಆವೃತ್ತಿಗಾಗಿ ಆತನು ತನ್ನ ಗ್ರಂಥವನ್ನೇ ತಿದ್ದುತ್ತಲಿದ್ದನು. ಆ ಆವೃತ್ತಿಯು ಹೊರಡಲೇ ಇಲ್ಲ. 1564ರಲ್ಲಿ ಆತನು ತೀರಿಕೊಂಡನು. 2024ರಲ್ಲಿ ಆ ಪ್ರತಿಯು ಹರಾಜಿಗೆ ಬಂದಾಗ, ವೆಸಾಲಿಯಸನು ವಿದ್ಯಾರ್ಥಿಯಾಗಿದ್ದ ಲೂವೆನ್ ನಗರದ ವಿಶ್ವವಿದ್ಯಾಲಯವೇ 20 ಲಕ್ಷ ಡಾಲರುಗಳಿಗೂ ಮಿಕ್ಕಿದ ಬೆಲೆಗೆ ಅದನ್ನು ಕೊಂಡಿತು. ನಮ್ಮ ಹಳ್ಳಿಯ ವೈದ್ಯರು ವೆಸಾಲಿಯಸನಲ್ಲ, ನಿಜ. ಆದರೆ ಅವರ ಅಂಚಿನ ಬರಹಕ್ಕೂ ಜಗತ್ತಿನಲ್ಲಿ ಎರಡನೆಯ ಪ್ರತಿಯಿರಲಿಲ್ಲ.

ಕೋರ್ಟಿನಲ್ಲಿ ನಾವು ನಕಲನ್ನು ಹಾಜರುಪಡಿಸಿದರೆ, ಮೂಲ ದಸ್ತೈವಜು ಎಲ್ಲಿ ಎಂದು ನ್ಯಾಯಾಧೀಶರು ಕೇಳುವರು. ವಿದ್ಯೆಯ ಕೋರ್ಟಿನಲ್ಲಿಯೂ ಇದೇ ನ್ಯಾಯ. ಮೂಲವನ್ನು ಕಣ್ಣಾರೆ ಕಂಡವನಿಗೆ, ದೊಡ್ಡ ಸತ್ಯಗಳು ಎಷ್ಟು ಬಡವಾಗಿ ಹುಟ್ಟುವವೆಂಬುದು ಗೊತ್ತಾಗುವದು. ಹೃದಯವು ರಕ್ತವನ್ನು ಶರೀರದೊಳಗೆ ಸುತ್ತಿಸುವದೆಂದು ಸಾಧಿಸಿದ ಹಾರ್ವೆಯ ಗ್ರಂಥವು 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹೊರಟಿತು. ಅದು 72 ಪುಟಗಳ ತೆಳುವಾದ ಪುಸ್ತಕ. ಅಚ್ಚಿನ ತಪ್ಪುಗಳು ಹೇರಳ. ಸಿಡುಬಿನ ವಿರುದ್ಧ ಹಸುವಿನ ಮೈಲಿಯಿಂದ ದೇವಿ ಹಾಕುವ ಮಾರ್ಗವನ್ನು ತೋರಿಸಿದ ಜೆನ್ನರನ ಪುಸ್ತಕವೂ ಅಂಥದೇ. ಅವನ ಲೇಖವನ್ನು ಲಂಡನ್ನಿನ ರಾಯಲ್ ಸೊಸಾಯಿಟಿಯು ಸ್ವೀಕರಿಸಲಿಲ್ಲ. ಅವನು ಸ್ವಂತ ಖರ್ಚಿನಿಂದ 1798ರಲ್ಲಿ ಅದನ್ನು ಅಚ್ಚುಹಾಕಿಸಿದನು. ನಾಲ್ಕೇ ವರ್ಷಗಳಲ್ಲಿ, 1802ರಲ್ಲಿ, ಆ ವಿದ್ಯೆಯು ಮುಂಬಯಿಗೆ ಬಂದಿತು. ಥಾಮಸ್ ಹಿಕಿಯೆಂಬ ಚಿತ್ರಕಾರನು 1805ರ ಸುಮಾರಿಗೆ ಮೈಸೂರಿನ ಅರಮನೆಯ ಸ್ತ್ರೀಯರನ್ನು ಚಿತ್ರಿಸಿರುವನು. ಅದರಲ್ಲಿ ಒಬ್ಬ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವದು ದೇವಿ ಹಾಕಿಸಿಕೊಂಡುದರ ಸಾಕ್ಷಿಯೆಂದೂ, ಪ್ರಜೆಗಳ ಅಂಜಿಕೆಯನ್ನು ಕಳೆಯಲಿಕ್ಕೆ ಆ ಚಿತ್ರವನ್ನು ಬರೆಯಿಸಿರಬೇಕೆಂದೂ ಒಬ್ಬ ಇತಿಹಾಸಜ್ಞನ ಅಭಿಪ್ರಾಯವಿರುವದು. ಒಂದು ಸಣ್ಣ ಪುಸ್ತಕವು ಎಲ್ಲಿಂದ ಎಲ್ಲಿಗೆ ನಡೆದುಬಂದಿತು ನೋಡಿರಿ!

ಇಂಥ ಪುಸ್ತಕಗಳನ್ನು ಕೂಡಿಸುವವನ ಧರ್ಮವೇನು? ಇದಕ್ಕೆ ವಿಲಿಯಂ ಆಸ್ಲರರ ಜೀವನಕ್ಕಿಂತ ಒಳ್ಳೆಯ ಉತ್ತರವು ನಮಗೆ ಗೊತ್ತಿಲ್ಲ. ಅವರು 1849ರಲ್ಲಿ ಕೆನಡಾದಲ್ಲಿ ಹುಟ್ಟಿ, ಮಾಂಟ್ರಿಯಲಿನ ಮೆಕ್‌ಗಿಲ್ ವಿದ್ಯಾಪೀಠದಲ್ಲಿ ವೈದ್ಯಕವನ್ನು ಕಲಿತು, ಅಮೇರಿಕೆಯ ಜಾನ್ಸ್ ಹಾಪ್ಕಿನ್ಸಿನಲ್ಲಿಯೂ ಆಮೇಲೆ ಆಕ್ಸಫರ್ಡಿನಲ್ಲಿಯೂ ಆಚಾರ್ಯರಾಗಿದ್ದವರು. ವಿದ್ಯಾರ್ಥಿಯಾಗಿರುವಾಗ ಅವರು ಕೊಂಡ ಎರಡನೆಯ ಪುಸ್ತಕವು ಥಾಮಸ್ ಬ್ರೌನನೆಂಬ ವೈದ್ಯನ ಧರ್ಮಚಿಂತನೆಯ ಗ್ರಂಥದ, 1862ರಲ್ಲಿ ಅಚ್ಚಾದ, ಒಂದು ಸಾಧಾರಣ ಪ್ರತಿ. ಅಲ್ಲಿಂದ ಬೆಳೆದ ಸಂಗ್ರಹವು ಸುಮಾರು 8,000 ಗ್ರಂಥಗಳಷ್ಟಾಯಿತು. ವೈದ್ಯಕದ ದಾರಿಯನ್ನು ತಿರುಗಿಸಿದ ಗ್ರಂಥಗಳನ್ನು ಕಾಲಾನುಕ್ರಮವಾಗಿ ಮೊದಲಿಗಿಟ್ಟು, ಒಂದರಿಂದ ಇನ್ನೊಂದು ಹೇಗೆ ಹುಟ್ಟಿತೆಂಬುದು ಯಾದಿಯನ್ನು ಓದಿದವನಿಗೇ ತಿಳಿಯುವಂತೆ ಅವರು ಅದನ್ನು ಹೊಂದಿಸಿದರು. 1917ರಲ್ಲಿ ಅವರ ಒಬ್ಬನೇ ಮಗನು ಮಹಾಯುದ್ಧದಲ್ಲಿ ಮಡಿದನು. ಅವನೂ ತಂದೆಯಂತೆ ಪುಸ್ತಕಪ್ರಿಯನು. ಮಗನಿಲ್ಲದ ಮನೆಯಲ್ಲಿ ಕುಳಿತು ಆ ವೃದ್ಧರು ಯಾದಿಯ ಕೆಲಸವನ್ನು ಮುಂದುವರಿಸಿದರು. 1919ರ ಡಿಸೆಂಬರದಲ್ಲಿ ತೀರಿಕೊಂಡಾಗ ಅವರ ಶವಪೆಟ್ಟಿಗೆಯ ಮೇಲೆ ಇಟ್ಟುದು ಆ 1862ರ ಪುಸ್ತಕವನ್ನೇ. ಯಾದಿಯು ಉಳಿದವರ ಪರಿಶ್ರಮದಿಂದ 1929ರಲ್ಲಿ ಅಚ್ಚಾಯಿತು. ಅದೇ ವರ್ಷ ಅವರ ಗ್ರಂಥಗಳು, ಅವರಿಗೆ ವಿದ್ಯೆ ಕೊಟ್ಟ ಮೆಕ್‌ಗಿಲ್ಲಿನಲ್ಲಿ ಅವರ ಇಚ್ಛೆಯಂತೆ ನೆಲೆಗೊಂಡವು. ಅವರ ಚಿತಾಭಸ್ಮವೂ ಆ ಪುಸ್ತಕಗಳ ನಡುವೆಯೇ ಇರುವದು. ಮಹಾಶಯರೇ, ಇದು ಒಡೆತನವಲ್ಲ, ಇದು ವಿಶ್ವಸ್ತವೃತ್ತಿ. ಕೂಡಿಸುವವನು ಪುಸ್ತಕದ ಯಜಮಾನನಲ್ಲ; ಹಿಂದಿನವರಿಂದ ಇಸಿದುಕೊಂಡು ಮುಂದಿನವರಿಗೆ ಮುಟ್ಟಿಸುವ ನಡುವಿನ ಮನುಷ್ಯನು.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಎಂದು ಯಾರಾದರೂ ಕೇಳಬಹುದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಸುಮ್ಮನೆ ಹುಟ್ಟಿತೇ? ನಮ್ಮ ನೆರೆಯ ಗೋವೆಯನ್ನೇ ನೋಡಿರಿ. ಅಲ್ಲಿ 1534ರಲ್ಲಿ ಬಂದು ನೆಲಸಿದ ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಈ ದೇಶದ ಔಷಧಿಗಳನ್ನು ಕುರಿತು ಸಂವಾದರೂಪದ ಗ್ರಂಥವನ್ನು ಬರೆದು 1563ರಲ್ಲಿ ಗೋವೆಯಲ್ಲಿಯೇ ಅಚ್ಚುಹಾಕಿಸಿದನು. ಅಚ್ಚಿನ ತಪ್ಪುಗಳ ಪಟ್ಟಿಯೇ ಪುಟಗಟ್ಟಲೆ. ಆದರೆ ವಾಂತಿಭೇದಿಯ ಬೇನೆಯನ್ನು ಅವನು ಕಣ್ಣಿಗೆ ಕಟ್ಟುವಂತೆ ವರ್ಣಿಸಿರುವನು. ಯಹೂದಿ ವಂಶದವನಾದ ಅವನು 1568ರಲ್ಲಿ ಸತ್ತನು. 1580ರಲ್ಲಿ ಧರ್ಮನ್ಯಾಯಾಲಯದವರು ಅವನ ಎಲುಬುಗಳನ್ನು ಗೋರಿಯಿಂದ ತೆಗೆಯಿಸಿ ಸುಡಿಸಿದರು. ಪುಸ್ತಕವು ಮಾತ್ರ ಸುಡಲಿಲ್ಲ. ಏಕೆಂದರೆ, ಕ್ಲೂಸಿಯಸನೆಂಬ ಸಸ್ಯಶಾಸ್ತ್ರಜ್ಞನು ಅದರ ಒಂದು ಪ್ರತಿಯನ್ನು ಸಂಪಾದಿಸಿ, ಲ್ಯಾಟಿನ್ ಭಾಷೆಯಲ್ಲಿ ಸಂಗ್ರಹಿಸಿ, 1567ರಲ್ಲಿಯೇ ಆಂಟವರ್ಪಿನಲ್ಲಿ ಪ್ರಕಟಿಸಿದ್ದನು. ಒಬ್ಬ ಸಂಗ್ರಾಹಕನ ಕೈಗೆ ಬಿದ್ದ ಒಂದು ಪ್ರತಿಯಿಂದ ಗೋವೆಯ ಅರಿವು ಯುರೋಪವನ್ನೆಲ್ಲ ಮುಟ್ಟಿತು.

ಇನ್ನು ನಮ್ಮ ಕನ್ನಡದ ಮಾತು. ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಕೀರ್ತಿವರ್ಮನ 'ಗೋವೈದ್ಯ', ವಿಷಚಿಕಿತ್ಸೆಯನ್ನು ಹೇಳುವ ಮಂಗರಾಜನ 'ಖಗೇಂದ್ರಮಣಿದರ್ಪಣ' ಇವೆಲ್ಲವೂ ನಮ್ಮ ಹಿರಿಯರ ವೈದ್ಯಕ ಗ್ರಂಥಗಳು. ಇವು ಶತಮಾನಗಳನ್ನು ದಾಟಿ ನಮಗೆ ಬಂದುದು ಓಲೆಗರಿಗಳನ್ನು ಮತ್ತೆ ಮತ್ತೆ ನಕಲು ಮಾಡಿದ, ಹೆಸರಿಲ್ಲದ ಕೈಗಳಿಂದ. 'ಖಗೇಂದ್ರಮಣಿದರ್ಪಣ'ವನ್ನು 1942ರಲ್ಲಿ ಅಚ್ಚುಹಾಕಿಸಿದ್ದು ಮದರಾಸು ವಿಶ್ವವಿದ್ಯಾಲಯ. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು; ಕನ್ನಡದ ಗ್ರಂಥಗಳೂ ಹಾಗೆಯೇ ಮೈಸೂರು, ಮದರಾಸು, ಮಂಗಳೂರು, ಧಾರವಾಡಗಳಲ್ಲಿ ಹಂಚಿಹೋದವು. 1956ರ ನವೆಂಬರ 1ರಂದು ನಾಡು ಕೂಡಿತು. ಆದರೆ ಊರೂರಿನ ಅಟ್ಟಗಳ ಮೇಲೆ, ಮಠಗಳ ಪೆಟ್ಟಿಗೆಗಳಲ್ಲಿ, ವೈದ್ಯರ ಮನೆಯ ಬಸ್ತಾಗಳಲ್ಲಿ ಇರುವ ಬರಹದ ಯಾದಿಯು ಇನ್ನೂ ಕೂಡಿಲ್ಲ. ಕೌಟಿಲ್ಯನ 'ಅರ್ಥಶಾಸ್ತ್ರ'ದ ಕಥೆಯನ್ನು ನೆನೆಯಿರಿ. ತಂಜಾವೂರ ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ತಂದು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು, ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಇದೇ ಆ ಕಳೆದುಹೋದ ಗ್ರಂಥವೆಂದು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಆ ಪಂಡಿತರು ಅದನ್ನು ಒಲೆಗೆ ಹಾಕಿದ್ದರೆ?

ಶಿಕ್ಷಕ ಬಂಧುಗಳು ಇಲ್ಲಿ ಬಹಳ ಮಂದಿ ನೆರೆದಿರುವದರಿಂದ, ನಮ್ಮ ತಪ್ಪಿನಿಂದ ನಾವು ಕಲಿತ ಕೆಲವು ನಿಯಮಗಳನ್ನು ಹೇಳಿ ಮುಗಿಸುವೆವು. ಹಳೆಯ ಪುಸ್ತಕವು ಕೈಗೆ ಬಂದರೆ ಮೊದಲು ಹಾಳೆಗಳನ್ನು ಎಣಿಸಿರಿ. ಅಚ್ಚಾದ ಊರು, ವರ್ಷ, ಮುದ್ರಕನ ಹೆಸರು ಇವುಗಳನ್ನು ಬರೆದುಕೊಳ್ಳಿರಿ. ಯಾರ ಮನೆಯಿಂದ, ಯಾವ ಊರಿನಿಂದ ಬಂದಿತೆಂಬುದನ್ನು ಒಂದು ಬೇರೆ ಚೀಟಿಯಲ್ಲಿ ಬರೆದು ಒಳಗಿಡಿರಿ. ಆಸ್ತಿಗೆ ಹಕ್ಕಿನ ಪರಂಪರೆ ಎಷ್ಟು ಮುಖ್ಯವೋ ಪುಸ್ತಕಕ್ಕೂ ಅಷ್ಟೇ ಮುಖ್ಯ. ಅಂಚನ್ನು ಎಂದೂ ಕತ್ತರಿಸಗೊಡಬೇಡಿರಿ. ಹರಿದ ಹಾಳೆಗೆ ಅಂಟುಪಟ್ಟಿಯನ್ನು ಹಚ್ಚಬೇಡಿರಿ. ಅದರ ಅಂಟು ಕಾಲಾಂತರದಲ್ಲಿ ಕಾಗದವನ್ನೇ ಕೆಡಿಸುವದು. ಬಿಸಿಲು, ಸೀಲು, ಗೆದ್ದಲು ಇವು ಮೂರೂ ಶತ್ರುಗಳು. ಓದಲು ಬಾರದ ಲಿಪಿಯೆಂದು ಬಿಸಾಡಬೇಡಿರಿ; ನಿಮಗೆ ಬಾರದಿದ್ದರೆ ಇನ್ನೊಬ್ಬರಿಗೆ ಬರುವದು. ಈಗ ಅಂಗೈಯಲ್ಲಿಯ ಫೋನಿನಿಂದಲೇ ಪುಟಗಳ ಛಾಯಾಚಿತ್ರಗಳನ್ನು ತೆಗೆಯಬಹುದು. ಆದರೆ ಚಿತ್ರ ತೆಗೆದೆವೆಂದು ಮೂಲವನ್ನು ರದ್ದಿಗೆ ಹಾಕುವದು, ನಕಲು ಸಿಕ್ಕಿತೆಂದು ಖರೀದಿಪತ್ರವನ್ನು ಸುಟ್ಟಂತೆ.

ಒಂದು ಕಾಯಿದೆಯ ಮಾತನ್ನೂ ಹೇಳಬೇಕು. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ, ಶಾಸ್ತ್ರ, ಇತಿಹಾಸ, ಸಾಹಿತ್ಯಗಳ ದೃಷ್ಟಿಯಿಂದ ಬೆಲೆಯುಳ್ಳ, 75 ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಲಿಖಿತವು ಪ್ರಾಚೀನ ವಸ್ತುವೆನಿಸುವದು; ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವದು ಅಪರಾಧ. ಕಾಯಿದೆಯು ಬಂದರಿನ ಬಾಗಿಲನ್ನು ಕಾಯಬಲ್ಲುದು. ನಮ್ಮ ಮನೆಯ ಅಟ್ಟವನ್ನು ಕಾಯಲಾರದು. ಅಜ್ಜನು ತೀರಿದ ಮೇಲೆ ಮನೆಯನ್ನು ಹಸನು ಮಾಡುವ ದಿನ ಅವನ ಪೆಟ್ಟಿಗೆಯನ್ನು ತೆರೆಯದೆಯೇ ರದ್ದಿಯವನನ್ನು ಕೂಗುವವರು ನಾವೇ ಅಲ್ಲವೇ?

ಆದುದರಿಂದ ಈ ವಾಚನಾಲಯದ ಚಾಲಕರಲ್ಲಿ ನಮ್ಮದೊಂದು ವಿನಂತಿ. ಇಲ್ಲಿ ಒಂದು ಕಪಾಟನ್ನು ಬಿಡಿಸಿಕೊಡಿರಿ. ಊರಿನ ಹಳೆಯ ವೈದ್ಯರ ವಹಿಗಳನ್ನು, ಓಲೆಗಳನ್ನು, ಅಂಚಿನಲ್ಲಿ ಬರಹವಿರುವ ಪುಸ್ತಕಗಳನ್ನು ಕೊಡುವವರ ಹೆಸರು ಸಹಿತ ಅದರಲ್ಲಿಡೋಣ. ಕೊಡಲೊಲ್ಲದವರ ಮನೆಗೆ ಹೋಗಿ ಯಾದಿಯನ್ನಾದರೂ ಬರೆದುಕೊಂಡು ಬರೋಣ. ಮೊದಲನೆಯ ಪುಸ್ತಕವನ್ನು ನಾವು ಇಂದೇ ತಂದಿರುವೆವು. ಅಂಚು ಕತ್ತರಿಸಿದ ಆ ಪುಸ್ತಕವೇ ಇದು. ನಾವು ಮಾಡಿದುದನ್ನು ಒಳಗಿನ ಚೀಟಿಯಲ್ಲಿ ಬರೆದಿಟ್ಟಿರುವೆವು. ಮುಂದೆ ಯಾರೂ ಹಾಗೆ ಮಾಡದಿರಲಿ. ಚಾಲಕರು ಇದನ್ನು ಸ್ವೀಕರಿಸಬೇಕೆಂದು ಬೇಡಿಕೊಳ್ಳುವೆವು.